ಪೈರೈಟ್ ಬಗ್ಗೆ ಕೇಳಿದವರಿಗೆಲ್ಲ

ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ ಕಲ್ಲಿನ ವಿಷಯ ಎತ್ತಿದರೆ ಮನೆಯವರೇ ಎದ್ದು ಹೋಗುತ್ತಿದ್ದರು. ಈಗ ಮದುವೆ ಮನೆಯಲ್ಲಿ ಊಟಕ್ಕೆ ಕುಳಿತರೂ ಜನ ಬಿಡುವುದಿಲ್ಲ. ಎಲ್ಲ ಪೈರೈಟ್ ಬ್ರೇಸ್‌ಲೆಟ್‌ನ ಮಹಿಮೆ. ಮೊನ್ನೆ ಅಕ್ಕನ ಮಗಳು ಕೈ ಚಾಚಿ, "ಚಿಕ್ಕಮ್ಮ, ಇದನ್ನು ಹಾಕಿಕೊಂಡರೆ ದುಡ್ಡು ನಿಲ್ಲುತ್ತದಂತೆ, ನಿಜವೇ?" ಎಂದಳು. ಮಾರಿದವನ ಕೈಯಲ್ಲಂತೂ ನಿಂತಿದೆ ಎಂದೆ.

ಪೈರೈಟ್ ಎಂದರೆ ಕಬ್ಬಿಣ ಮತ್ತು ಗಂಧಕ ಸೇರಿದ, ಚಿನ್ನದಂತೆ ಹೊಳೆಯುವ ಖನಿಜ. ಭೂಮಿಯಲ್ಲಿ ಬೇಕಾದಷ್ಟಿದೆ. ಚಿನ್ನವೆಂದು ಮೋಸ ಹೋಗುವ ಅಗತ್ಯವೇನೂ ಇಲ್ಲ. ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ, ತಳದ ಹೊಳಪಿಲ್ಲದ ಅಂಚಿಗೆ ಉಜ್ಜಿ ನೋಡಿ. ಚಿನ್ನದ ಗೆರೆ ಹಳದಿ. ಪೈರೈಟ್‌ನದು ಹಸಿರು ಬೆರೆತ ಕಪ್ಪು. ಸುತ್ತಿಗೆಯಿಂದ ಬಡಿದರೆ ಚಿನ್ನ ತಗಡಾಗುತ್ತದೆ, ಇದು ಪುಡಿಪುಡಿಯಾಗಿ ಗಂಧಕದ ವಾಸನೆ ಬಿಡುತ್ತದೆ. ಅಷ್ಟೇ ಗಾತ್ರದ ಚಿನ್ನ ಇದಕ್ಕಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಭಾರ. ಇಷ್ಟಾದರೂ 1542ರಲ್ಲಿ ಫ್ರೆಂಚ್ ನಾವಿಕ ಝಾಕ್ ಕಾರ್ತಿಯೆ ಕೆನಡಾದಿಂದ ಚಿನ್ನ, ವಜ್ರ ಎಂದು ಫ್ರಾನ್ಸಿಗೆ ಹೊತ್ತು ತಂದದ್ದು ಪೈರೈಟ್ ಮತ್ತು ಬೆಣಚುಕಲ್ಲನ್ನು. ಹಡಗಿನಲ್ಲಿ ಪಿಂಗಾಣಿ ಬಟ್ಟಲು ಇರಲಿಲ್ಲವೇನೋ.

ಹಾಗೆಂದು ಇದು ಕೆಲಸಕ್ಕೆ ಬಾರದ ಕಲ್ಲು ಎಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಉಕ್ಕಿಗೆ ತಾಗಿಸಿದರೆ ಕಿಡಿ ಹಾರುತ್ತದೆ. 16ನೇ ಶತಮಾನದ ಯುರೋಪಿನಲ್ಲಿ ಗಿರಗಿರನೆ ತಿರುಗುವ ಉಕ್ಕಿನ ಚಕ್ರಕ್ಕೆ ಪೈರೈಟ್ ಒತ್ತಿ ಮದ್ದಿಗೆ ಕಿಡಿ ಹಾರಿಸುವ ಬಂದೂಕುಗಳಿದ್ದವು. ಮುಂದೆ ಇದನ್ನು ಹುರಿದು, ಹೊರಬರುವ ಅನಿಲದಿಂದ ಸಲ್ಫ್ಯೂರಿಕ್ ಆಮ್ಲ ತಯಾರಿಸಿದರು. ನಮ್ಮಲ್ಲಿಯೂ ಬಿಹಾರದ ಅಮ್ಝೋರ್‌ನಲ್ಲಿ ಪೈರೈಟ್ ಗಣಿ ಇತ್ತು. ಉತ್ತರ ಪ್ರದೇಶದ ಕ್ಷಾರ ಭೂಮಿಯನ್ನು ಸರಿಪಡಿಸಲು ಇದನ್ನು ಹೊಲಕ್ಕೆ ಹಾಕಿದ್ದೂ ಉಂಟು. ತೈಲ ಶುದ್ಧೀಕರಣ ಘಟಕಗಳಲ್ಲಿ ಗಂಧಕ ಅಗ್ಗವಾಗಿ ಸಿಗತೊಡಗಿದ ಮೇಲೆ ಆ ಬೇಡಿಕೆ ಕುಸಿಯಿತು.

ಚಂದಕ್ಕಾಗಿಯೇ ಕೊಳ್ಳುವುದಾದರೆ ನನ್ನ ತಕರಾರಿಲ್ಲ. ಸ್ಪೇನಿನ ನವಾಹೂನ್‌ನಲ್ಲಿ ಮೆದು ಕಲ್ಲಿನೊಳಗಿಂದ ಬಿಡಿಸುವ ಘನಾಕೃತಿಗಳನ್ನು ಯಂತ್ರದಲ್ಲಿ ಕತ್ತರಿಸಿದ್ದಲ್ಲ ಎಂದರೆ ನಂಬುವುದು ಕಷ್ಟ. ನಮ್ಮ ಪ್ರಯೋಗಾಲಯದಲ್ಲಿ ಬೆರಳ ತುದಿಯಷ್ಟು ದೊಡ್ಡ ಒಂದು ಹರಳಿತ್ತು. ಮಸೂರ ಹಿಡಿದರೆ ಪ್ರತಿ ಮುಖದ ಮೇಲೂ ಸಣ್ಣ ಗೀರುಗಳು, ಒಂದು ಮುಖದ್ದು ಅಡ್ಡಕ್ಕಾದರೆ ಪಕ್ಕದ ಮುಖದ್ದು ಉದ್ದಕ್ಕೆ. ಅದನ್ನು ತೋರಿಸಿದರೆ ಹಿಂದಿನ ಬೆಂಚಿನವರೂ ಎದ್ದು ಬರುತ್ತಿದ್ದರು.

ಅದೇ ಕಪಾಟಿನ ಇನ್ನೊಂದು ತುಂಡು ಒಂದು ಮಳೆಗಾಲದಲ್ಲಿ ಬೂದುಬಿಳಿ ಪುಡಿ ಉದುರಿಸತೊಡಗಿತು. ರಟ್ಟಿನ ಡಬ್ಬಿ ಕಂದಾಗಿತ್ತು, ಹೆಸರಿನ ಚೀಟಿ ಮುಟ್ಟಿದರೆ ಹರಿಯುತ್ತಿತ್ತು. ತೇವ ಮತ್ತು ಗಾಳಿ ಸೇರಿದರೆ ಪೈರೈಟ್ ತಾನಾಗಿಯೇ ಆಮ್ಲ ಮಾಡಿಕೊಳ್ಳುತ್ತದೆ. ಬ್ರೇಸ್‌ಲೆಟ್ಟನ್ನು ರಾತ್ರಿ ನೀರಿನಲ್ಲಿಟ್ಟು ಬೆಳಿಗ್ಗೆ ಆ ನೀರನ್ನು ಕುಡಿಯಿರಿ ಎಂಬ ಉಪದೇಶವನ್ನೂ ಮೊಬೈಲಿನಲ್ಲಿ ನೋಡಿದೆ. ದಯವಿಟ್ಟು ಬೇಡ. ಪೈರೈಟ್‌ನಲ್ಲಿ ಆರ್ಸೆನಿಕ್ ಎಂಬ ವಿಷ ಸೇರಿಕೊಂಡಿರುವುದು ಅಪರೂಪವಲ್ಲ. ಐರ್ಲೆಂಡಿನ ಡಬ್ಲಿನ್ ಸುತ್ತಮುತ್ತ ಮನೆಗಳ ನೆಲದಡಿ ತುಂಬಿದ ಜಲ್ಲಿಯಲ್ಲಿ ಪೈರೈಟ್ ಇತ್ತು. ಅದರ ಆಮ್ಲ ಜಲ್ಲಿಯಲ್ಲಿದ್ದ ಸುಣ್ಣದ ಅಂಶದೊಂದಿಗೆ ಸೇರಿ ಜಿಪ್ಸಂ ಬೆಳೆಯಿತು, ನೆಲ ಉಬ್ಬಿತು, ಗೋಡೆ ಸೀಳಿತು. ಆ ಮನೆಗಳ ರಿಪೇರಿಗೆಂದೇ 2013ರಲ್ಲಿ ಅಲ್ಲಿನ ಸರ್ಕಾರ ಕಾನೂನು ತರಬೇಕಾಯಿತು.

ಇನ್ನು ಚಿನ್ನದ ಮಾತು. ಚಿನ್ನ ಹುಡುಕುವವರು ಪೈರೈಟ್ ಕಂಡರೆ ಮೂಗು ಮುರಿಯುವುದಿಲ್ಲ. ನಮ್ಮ ಹಟ್ಟಿ ಚಿನ್ನದ ಗಣಿಯ ಅದಿರಿನಲ್ಲಿಯೂ ಬೆಣಚುಕಲ್ಲು, ಪೈರೈಟ್, ಚಿನ್ನ ಒಟ್ಟಿಗೇ ಇವೆ. ಅಮೆರಿಕದ ನೆವಾಡಾದ ಕಾರ್ಲಿನ್‌ನಲ್ಲಿ ಚಿನ್ನ ಅಡಗಿರುವುದೇ ಆರ್ಸೆನಿಕ್ ತುಂಬಿದ ಪೈರೈಟ್‌ನೊಳಗೆ. ಕಣಗಳು ಎಷ್ಟು ಸೂಕ್ಷ್ಮವೆಂದರೆ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ. ಬಾಣಲೆಯಲ್ಲಿ ಮಣ್ಣು ತೊಳೆದು ಚಿನ್ನ ಅರಸುತ್ತಿದ್ದವರಿಗೆ ಅದು ಸಿಗುವಂತೆಯೇ ಇರಲಿಲ್ಲ. 1961ರಲ್ಲಿ ಭೂವಿಜ್ಞಾನಿಗಳು ಆ ನಿಕ್ಷೇಪವನ್ನು ಗುರುತಿಸಿದರು, 1965ರಲ್ಲಿ ಗಣಿ ಶುರುವಾಯಿತು. ಅಂಥ ಅದಿರಿನಿಂದ ಚಿನ್ನ ಬಿಡಿಸಲು ಇಂದಿಗೂ ಮೊದಲು ಪೈರೈಟನ್ನೇ ಹುರಿದೋ, ಒತ್ತಡದಲ್ಲಿ ಆಮ್ಲಜನಕ ಹಾಯಿಸಿಯೋ ಒಡೆಯಬೇಕು.