ಅಗಸೆ ಎಣ್ಣೆಯ ವಾಸನೆ

ಫೆಬ್ರವರಿ 8, 2025, ಶನಿವಾರ

ಮಗನ ಹೊಸ ಬ್ಯಾಟಿಗೆ ಎಣ್ಣೆ ಹಚ್ಚಬೇಕಿತ್ತು. ಲಿನ್ಸೀಡ್ ಆಯಿಲ್ ಬಾಟಲಿಯ ಮುಚ್ಚಳ ತೆಗೆದೆ ಅಷ್ಟೇ, ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆ ಕಣ್ಣ ಮುಂದೆ ಬಂತು.

ಆಗ ನಾನು ಪಿಯುಸಿ ಮೊದಲ ವರ್ಷ. ಕಾಲೇಜು ಮುಗಿಸಿ ಸಂಜೆ 5ರಿಂದ 8.30ರ ತನಕ ಅಲ್ಲೊಂದು ಸ್ಪೋರ್ಟ್ಸ್ ಅಂಗಡಿಯಲ್ಲಿ ಕೆಲಸ. ತಿಂಗಳಿಗೆ 300 ರೂಪಾಯಿ. ಕ್ಯಾರಂ ಪೌಡರ್, ಶಟಲ್ ಡಬ್ಬಿ, ಟೆನಿಸ್ ಬಾಲ್ ಇವೇ ಜಾಸ್ತಿ ಹೋಗುತ್ತಿದ್ದವು. ನನಗೆ ಮಾತ್ರ ಬ್ಯಾಟಿನ ಮೂಲೆಯೇ ಇಷ್ಟ.

ಹೊಸ ಬ್ಯಾಟನ್ನು ಹಾಗೇ ಆಡಲು ಕೊಡುವಂತಿಲ್ಲ. ಮೊದಲು ಎಣ್ಣೆ. ಬಟ್ಟೆಗೆ ಒಂದು ಚಮಚ ಸುರಿದು ಬ್ಯಾಟಿನ ಮುಖಕ್ಕೆ, ಅಂಚಿಗೆ, ಕೆಳತುದಿಗೆ ತೆಳ್ಳಗೆ ಒರೆಸಬೇಕು. ಹಿಡಿಕೆ ಕೂಡಿಸಿದ ಜಾಗಕ್ಕೆ ತಾಗಿಸಬಾರದು, ಅಂಟು ಸಡಿಲಾಗುತ್ತದೆ. ಒಮ್ಮೆ ನಾನು ಧಾರಾಳವಾಗಿ ಸುರಿದಾಗ ಮಾಲೀಕರು ಕೈ ಹಿಡಿದರು. "ತಮ್ಮಾ, ಎಣ್ಣಿ ತಿಕ್ಕಬೇಕು, ಕುಡಸಬಾರ್ದು." ಆಮೇಲೆ ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿಯೋದು. ಗಂಟೆಗಟ್ಟಲೆ. ಮೊದಲು 'ದಪ್ ದಪ್' ಅನ್ನುತ್ತಿದ್ದ ಬ್ಯಾಟು, ಮೂರು ನಾಲ್ಕು ದಿನ ಬಡಿದ ಮೇಲೆ ಒಂದು ಹೊತ್ತಿನಲ್ಲಿ 'ಟಕ್' ಅನ್ನುತ್ತದೆ. ಆ ಸದ್ದು ಬಂದಾಗ ಆದ ಖುಷಿ ನನಗೆ ಸಂಬಳ ಎಣಿಸುವಾಗಲೂ ಆಗಿರಲಿಲ್ಲ.

ಮನೆಗೆ ಹೋದರೆ ಕೈಯೆಲ್ಲ ಅಗಸೆ ವಾಸನೆ. "ಅಗಸಿ ಚಟ್ನಿ ನಾ ಕುಟ್ಟೀನಿ, ವಾಸನಿ ನಿನ್ನ ಕೈಯಾಗ ಐತಿ" ಅನ್ನುತ್ತಿದ್ದಳು ಅಮ್ಮ.

ಸರಿಯಾಗಿ 26 ವರ್ಷದ ಹಿಂದೆ, 1999ರ ಇದೇ ದಿನ, ಸೋಮವಾರ. ಹಿಂದಿನ ದಿನ ದೆಹಲಿಯ ಕೋಟ್ಲಾ ಮೈದಾನದಲ್ಲಿ ನಮ್ಮ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್ ತೆಗೆದಿದ್ದರು. 74 ರನ್ನಿಗೆ 10. ಲಂಚ್ ಹೊತ್ತಿಗೆ ವಿಕೆಟ್ ಇಲ್ಲದೆ 101 ಹೊಡೆದಿದ್ದ ತಂಡ 207ಕ್ಕೆ ಮುಗಿದಿತ್ತು. ಕೊನೆಗೆ ಶ್ರೀನಾಥ್ ಬೇಕಂತಲೇ ಹೊರಗೆ ಹೊರಗೆ ಎಸೆದರಲ್ವಾ, ಹತ್ತನೆಯದು ಕುಂಬ್ಳೆಗೇ ಸಿಗಲಿ ಅಂತ. ಅದನ್ನು ನೆನೆದರೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಹುಡುಗರಿಗೆ ಬ್ಯಾಟ್ ಅಂದರೆ ಸ್ವಂತದ್ದು, ಬಾಲ್ ಅಂದರೆ ಎಲ್ಲರೂ ದುಡ್ಡು ಹಾಕಿ ತರುವ ಸಾಮಾನು. ಆ ಸಂಜೆ ಮಾತ್ರ ಎಲ್ಲರಿಗೂ ತಂತಮ್ಮ ಬಾಲ್ ಬೇಕು. ಅದೂ ಲೆದರ್ ಬಾಲ್. ಕೌಂಟರ್ ಮುಂದೆ ನಿಂತು ಹೊಲಿಗೆಯ ಮೇಲೆ ಬೆರಳಿಟ್ಟು, ಮಣಿಕಟ್ಟು ತಿರುಗಿಸಿ ನೋಡುತ್ತಿದ್ದರು. ಏಳನೇ ಕ್ಲಾಸಿನ ಒಬ್ಬ ಹುಡುಗನ ಬೆರಳು ಬಾಲ್ ಸುತ್ತ ಸಾಲುತ್ತಿರಲಿಲ್ಲ. ಮಾಲೀಕರು ಎದ್ದು ಬಂದು, ಅವನ ಬೆರಳುಗಳನ್ನು ಒಂದೊಂದಾಗಿ ಹೊಲಿಗೆಯ ಮೇಲೆ ಕೂರಿಸಿದರು. ಅವನ ಹತ್ತಿರ ದುಡ್ಡಿರಲಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಆದರೂ ಅವಸರ ಮಾಡಲಿಲ್ಲ.

ಮಗನ ಬ್ಯಾಟನ್ನು ಹಜಾರದಲ್ಲಿ ಅಡ್ಡ ಮಲಗಿಸಿದ್ದೇನೆ. ಬೆಳಿಗ್ಗೆ ತನಕ ಮುಟ್ಟಬೇಡ ಅಂದಿದ್ದೇನೆ. ಆಗಲೇ ಎರಡು ಸಲ ಬಂದು ಮೂಸಿ ಹೋದ.