ಹೂಡುವುದು, ನಡೆಸುವುದು, ಅಮಲ್ಜಾರಿ ಮಾಡಿಸುವುದು

ಕಾಲೇಜು ಪತ್ರಿಕೆಗೆ ಏನಾದರೂ ಬರೆದುಕೊಡಿ ಅಂದಾಗ ನನಗೆ ಮೊದಲು ನೆನಪಾದವರು ನಮ್ಮ ಸಿವಿಲ್ ಪ್ರೊಸೀಜರ್ ಮೇಷ್ಟ್ರು. ಹೆಸರು ಬರೆಯುವುದಿಲ್ಲ, ಅವರಿಗೆ ಅದು ಹಿಡಿಸುವುದಿಲ್ಲ. ಆಗ ದಾವಣಗೆರೆಯಲ್ಲಿ ಲಾ ಓದಿದವರಿಗೆ ಯಾರು ಅಂತ ತಾನೇ ಗೊತ್ತಾಗುತ್ತದೆ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನು ಇಂಗ್ಲಿಷಿನಲ್ಲೇ ಓದಿಸುತ್ತಿದ್ದರು. ಓದಿ ಮುಗಿದ ಕೂಡಲೇ ಪುಸ್ತಕ ಮುಚ್ಚಿಸಿ ಕೇಳುತ್ತಿದ್ದರು, "ಈಗ ಇದನ್ನ ಜಗಳೂರಿಂದ ಬಂದ ರೈತನಿಗೆ ಹೇಳ್ರಪ್ಪಾ ನೋಡೋಣ." ಎಕ್ಸಿಕ್ಯೂಟ್ ಅಂದರೇನು ಅಂತ ಕೇಳಿದಾಗ ಕ್ಲಾಸಿಗೆ ಕ್ಲಾಸೇ "ಮಾಡೋದು ಸರ್" ಅಂದಿತ್ತು. "ಏನು ಮಾಡೋದು? ಯಾರು ಮಾಡೋದು?" ಅಂತ ಅವರು ಬೋರ್ಡಿಗೆ ತಿರುಗಿದರು. ಕ್ರಯಪತ್ರ ಬರೆದುಕೊಡುವುದಕ್ಕೂ ಅದೇ ಪದ, ಡಿಕ್ರಿ, ಅಂದರೆ ದಾವೆಯಲ್ಲಿ ಕೋರ್ಟು ಕೊಟ್ಟ ತೀರ್ಮಾನ, ಅಮಲ್ಜಾರಿ ಮಾಡುವುದಕ್ಕೂ ಅದೇ, ಗಲ್ಲಿಗೇರಿಸುವುದಕ್ಕೂ ಅದೇ. ಕನ್ನಡದಲ್ಲಿ ಮೂರಕ್ಕೂ ಬೇರೆ ಬೇರೆ ಮಾತಿದೆ. ರೈತನ ಮುಂದೆ ಕೂತಾಗ ಆ ಮೂರರಲ್ಲಿ ಯಾವುದು ಅಂತ ಬಿಡಿಸಿ ಹೇಳದಿದ್ದರೆ ಅವನಿಗೆ ಏನೂ ಹೇಳಿದ ಹಾಗಾಗಲಿಲ್ಲ.

ಆ ವರ್ಷವಿಡೀ ಬೋರ್ಡಿನ ಎಡಗಡೆ ಒಂದು ಪಟ್ಟಿ ಬೆಳೆಯುತ್ತಲೇ ಹೋಯಿತು. ದಾವೆ ಹೂಡುವುದು, ವಕಾಲತ್ತು ವಹಿಸುವುದು, ಕೈಫಿಯತ್ತು (ಪ್ರತಿವಾದಿಯ ಲಿಖಿತ ಉತ್ತರ) ಸಲ್ಲಿಸುವುದು, ಸಾಕ್ಷಿ ನುಡಿಯುವುದು, ಪಾಟಿ ಸವಾಲು ಮಾಡುವುದು, ವಾದ ಮಂಡಿಸುವುದು, ಆದೇಶ ಹೊರಡಿಸುವುದು. ಒಂದೊಂದರ ಪಕ್ಕದಲ್ಲೂ ಅದನ್ನು ಮಾಡುವವರು ಯಾರು ಅಂತ ನಾವೇ ಎದ್ದು ಬರೆಯಬೇಕಿತ್ತು, ಕಕ್ಷಿದಾರನೋ ವಕೀಲನೋ ನ್ಯಾಯಾಧೀಶರೋ ಕೋರ್ಟಿನ ಆದೇಶ ಜಾರಿ ಮಾಡುವ ಅಮೀನನೋ. ಎತ್ತು ಹೂಡುವುದು, ಬಾಣ ಹೂಡುವುದು, ಬಂಡವಾಳ ಹೂಡುವುದು ನಮಗೆ ಮನೆಯಲ್ಲೇ ಗೊತ್ತಿದ್ದ ಮಾತು. ಹೂಡುವುದು ಬರೀ ಶುರು, ಎತ್ತು ಹೂಡಿದ ಮಾತ್ರಕ್ಕೆ ಹೊಲ ಉತ್ತ ಹಾಗಾಗುವುದಿಲ್ಲ ಅಂತ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಇನ್ನು ನಮ್ಮ ಮನೆಯ ಹಿರಿಯರು ಸಿಟ್ಟು ಬಂದರೆ "ದುರ್ಗಕ್ಕೆ ಹೋಗ್ತೀನಿ" ಅನ್ನುತ್ತಿದ್ದರು, ಅಂದರೆ ಕೋರ್ಟಿಗೆ ಹೋಗ್ತೀನಿ ಅಂತ, ಅದೂ ಪಟ್ಟಿಗೆ ಸೇರಿತು. ದಾವಣಗೆರೆ ಜಿಲ್ಲೆಯಾಗಿದ್ದು 1997ರಲ್ಲಿ. ಅಲ್ಲಿಯವರೆಗೆ ನಮಗೆ ಜಿಲ್ಲಾ ಕೇಂದ್ರ ಅಂದರೆ ಚಿತ್ರದುರ್ಗವೇ ಅಲ್ವಾ.

ಇದೆಲ್ಲ ಯಾಕೆ ಅಂತ ನನಗೆ ಪೂರ್ತಿ ತಿಳಿದದ್ದು ಮಾಯಕೊಂಡದ ಕಡೆ ಒಂದು ಹಳ್ಳಿಯಲ್ಲಿ. ಕಾನೂನು ಅರಿವು ಶಿಬಿರ ಅಂತ ನಮ್ಮನ್ನು ಕರೆದುಕೊಂಡು ಹೋಗಿದ್ದರು. ಭಾಷಣ ಎಲ್ಲ ಮುಗಿದ ಮೇಲೆ ಒಬ್ಬ ಅಜ್ಜ ಗೊಬ್ಬರದ ಚೀಲದಿಂದ ಹೊಲಿದ ಕೈಚೀಲ ಹಿಡಿದುಕೊಂಡು ಬಂದರು. ಅದರೊಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಪಂಚೆಯ ತುಂಡು, ಅದರೊಳಗೆ ಮಡಿಕೆಗಳಲ್ಲಿ ಸವೆದುಹೋದ ಒಂದು ಡಿಕ್ರಿ. "ಕೇಸು ಗೆದ್ದೀನಿ ಸ್ವಾಮಿ. ಜಮೀನು ಮಾತ್ರ ಅವರೇ ಉಳ್ತಾ ಇದಾರೆ" ಅಂದರು. ಗೆದ್ದವರಿಗೆ ಜಮೀನು ಕೋರ್ಟಿನವರೇ ಬಂದು ಬಿಡಿಸಿಕೊಡುತ್ತಾರೆ ಅಂತ ವರ್ಷಗಟ್ಟಲೆ ಕಾದಿದ್ದರು. ಮೇಷ್ಟ್ರು ಬೇರೇನೂ ಓದಲಿಲ್ಲ, ಮೊದಲು ತಾರೀಖು ಹುಡುಕಿದರು. ಬೆರಳಲ್ಲಿ ಲೆಕ್ಕ ಹಾಕಿದರು. ಸ್ವಾಧೀನದ ಡಿಕ್ರಿಯನ್ನು ಜಾರಿ ಮಾಡಿಸಲು 1963ರ ಕಾಲಮಿತಿ ಕಾಯ್ದೆ ಕೊಡುವುದು 12 ವರ್ಷ, ಇನ್ನೂ ಸ್ವಲ್ಪ ಉಳಿದಿತ್ತು. ಆಮೇಲೆ ಅಜ್ಜನ ಪಕ್ಕದಲ್ಲೇ ಕಟ್ಟೆ ಮೇಲೆ ಕೂತು ಹೇಳಿದರು, "ಅಜ್ಜಾ, ನೀವು ದಾವೆ ಹೂಡಿದ್ರಿ. ನಡೆಸಿದ್ರಿ. ಗೆದ್ರಿ. ಅಮಲ್ಜಾರಿ ಮಾಡಿಸಿಲ್ಲ. ಅದಕ್ಕೆ ಇನ್ನೊಂದು ಅರ್ಜಿ ಹಾಕಬೇಕು, ನೀವೇ ಹಾಕಬೇಕು. ಆಮೇಲೆ ಅಮೀನ ಬಂದು ನಿಮ್ಮ ವಶಕ್ಕೆ ಕೊಡ್ತಾನೆ." ಅಜ್ಜ ಆ ನಾಲ್ಕೂ ಮಾತನ್ನು ತಮ್ಮಷ್ಟಕ್ಕೆ ಒಂದು ಸಲ ಹೇಳಿಕೊಂಡರು. ಅರ್ಥವಾಗಿತ್ತು.

ಡಿಕ್ರಿ ಸಿಕ್ಕ ಮೇಲೆಯೇ ಕಕ್ಷಿದಾರನ ಕಷ್ಟ ಶುರುವಾಗುತ್ತದೆ ಅಂತ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. ನಾವು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು.

ಸಾಲದ ಡಿಕ್ರಿ ಇದ್ದವರ ಹೆದರಿಕೆ ಇದಕ್ಕೆ ಉಲ್ಟಾ. ಜಾರಿ ಅಂದ ತಕ್ಷಣ ಮನೆಯ ಪಾತ್ರೆ ಪಗಡೆ ಎಲ್ಲ ಹೊತ್ತುಕೊಂಡು ಹೋಗುತ್ತಾರೆ ಅಂದುಕೊಳ್ಳುತ್ತಾರೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಸಲಕರಣೆ, ರೈತನ ಬೇಸಾಯದ ಸಾಮಾನು, ಬದುಕಿಗೆ ಬೇಕಾದ ದನ ಮತ್ತು ಬಿತ್ತನೆ ಬೀಜ, ಹೆಂಗಸರು ಧರ್ಮದ ಪ್ರಕಾರ ತೆಗೆಯಬಾರದ ಒಡವೆ, ಇವನ್ನು ಜಪ್ತಿ ಮಾಡುವ ಹಾಗಿಲ್ಲ ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಹೇಳುತ್ತದೆ. ಜಪ್ತಿ ಮಾಡುವುದು ಬೇರೆ, ಹರಾಜು ಹಾಕುವುದು ಬೇರೆ, ವಶಕ್ಕೆ ಕೊಡಿಸುವುದು ಬೇರೆ. ನೋಟಿಸ್ ಜಾರಿಯಾಗಿದೆ ಅಂದರೂ ಜನ ಗಾಬರಿಯಾಗುತ್ತಾರೆ. ಅದು ಕಾಗದ ಕೈಸೇರಿದೆ ಅನ್ನುವುದಷ್ಟೇ, ಬೇರೇನಿಲ್ಲ.

ಕ್ರಿಮಿನಲ್ ಕಡೆ ದಿನಾ ಕೇಳುವ ಮಾತು ಇನ್ನೊಂದು. "ಕೇಸು ಹಾಕಿದ್ದು ನಾನೇ, ನಾನೇ ವಾಪಸ್ ತಗೋತೀನಿ." ಪಾಪ, ಅವರು ಕೊಟ್ಟಿದ್ದು ದೂರು. ಪ್ರಕರಣ ದಾಖಲಿಸಿದ್ದು ಪೊಲೀಸರು, ಆರೋಪಪಟ್ಟಿ ಸಲ್ಲಿಸಿದ್ದೂ ಅವರೇ, ಕೋರ್ಟಿನಲ್ಲಿ ಮೊಕದ್ದಮೆ ನಡೆಸುವುದು ಸರ್ಕಾರ. ಹಿಂತೆಗೆದುಕೊಳ್ಳಬೇಕಾದರೆ ಸರ್ಕಾರಿ ಅಭಿಯೋಜಕರು ಕೇಳಬೇಕು, ನ್ಯಾಯಾಲಯ ಒಪ್ಪಬೇಕು. ರಾಜಿಯಾಗಬಹುದಾದ ಅಪರಾಧಗಳ ಪಟ್ಟಿಯೇ ಬೇರೆ ಇದೆ. 2024ರ ಜುಲೈ 1ರಿಂದ ಕ್ರಿಮಿನಲ್ ಪ್ರಕ್ರಿಯೆಗೆ ಹೊಸ ಸಂಹಿತೆ ಬಂದು ಕಲಮುಗಳ ಸಂಖ್ಯೆ ಬದಲಾಯಿತು, ರಾಜಿಯ ಕಲಮು 320 ಹೋಗಿ 359, ಹಿಂತೆಗೆದುಕೊಳ್ಳುವ ಕಲಮು 321 ಹೋಗಿ 360. ಅಭಿಯೋಜಕರು ಕೇಳಬೇಕು, ನ್ಯಾಯಾಲಯ ಒಪ್ಪಬೇಕು ಅನ್ನುವುದು ಹಾಗೇ ಇದೆ, ಒಪ್ಪುವ ಮುಂಚೆ ನೊಂದವರ ಮಾತಿಗೂ ಅವಕಾಶ ಕೊಡಬೇಕು ಅನ್ನುವುದು ಮಾತ್ರ ಹೊಸದಾಗಿ ಸೇರಿದೆ.

ಮೇಷ್ಟ್ರಿಗೆ ನಿಜವಾಗಿ ಸಿಟ್ಟು ಬರುತ್ತಿದ್ದದ್ದು "ಸೂಕ್ತ ಕ್ರಮ ಜರುಗಿಸಲಾಗುವುದು" ಅನ್ನುವ ಸಾಲಿಗೆ. ಯಾರು ಜರುಗಿಸುತ್ತಾರೆ? ಯಾವತ್ತು? ಆ ಸಾಲಿನಲ್ಲಿ ಎರಡಕ್ಕೂ ಉತ್ತರ ಇಲ್ಲ. ನಮ್ಮ ಡ್ರಾಫ್ಟಿನಲ್ಲಿ ಅಂಥದ್ದು ಕಂಡರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಪಕ್ಕದಲ್ಲಿ "ಯಾರು?" ಅಂತ ಬರೆದು ವಾಪಸ್ ಕೊಡುತ್ತಿದ್ದರು. ಅವರು ಕಲಿಸಿದ ಎಲ್ಲದರಲ್ಲಿ ನಾನು ಜಾಸ್ತಿ ಬಳಸಿದ್ದು ಆ ಒಂದು ಪ್ರಶ್ನೆಯನ್ನೇ.

ಈಗ ನನ್ನ ಆಫೀಸಿನಲ್ಲಿ ತೀರ್ಪಿನ ನಕಲು ತೆಗೆದುಕೊಂಡು ಹೋಗುವ ಪ್ರತಿಯೊಬ್ಬರಿಗೂ ಕನ್ನಡದಲ್ಲಿ ಒಂದು ಚೀಟಿ ಕೊಡುತ್ತೇವೆ. ಏನು ಮುಗಿದಿದೆ, ಇನ್ನೇನು ಮಾಡಿಸಬೇಕು, ಅದನ್ನು ಯಾರು ಮಾಡಬೇಕು, ಕೊನೇ ದಿನ ಯಾವುದು. ಮೇಷ್ಟ್ರಿಗೆ ಒಂದು ಚೀಟಿ ತೋರಿಸಿದ್ದೆ. ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು, ಆಮೇಲೆ ತಾರೀಖನ್ನು ಇನ್ನೂ ದೊಡ್ಡ ಅಕ್ಷರದಲ್ಲಿ ಬರೆಸು ಅಂದರು.