ಪ್ಯಾಂಟಿನ ಜೇಬು ಹೊರಗೆಳೆದು ತೋರಿಸಿದ ಮೇಷ್ಟ್ರು

ನಮಗೆ ಅಮೆರಿಕದ ಇತಿಹಾಸ ಹೇಳಿಕೊಟ್ಟ ಮೇಷ್ಟ್ರು ಅಮೆರಿಕ ನೋಡಿದವರಲ್ಲ. ಪಾಸ್‌ಪೋರ್ಟೇ ಮಾಡಿಸಿರಲಿಲ್ಲ. ಆದರೆ 1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ ಏನಾಯಿತು ಅಂತ ಅವರು ಶುರು ಮಾಡಿದರೆ, ನೆನ್ನೆ ಸಂತೆಯಲ್ಲಿ ಕಣ್ಣಾರೆ ಕಂಡದ್ದನ್ನು ಹೇಳಿದ ಹಾಗಿರುತ್ತಿತ್ತು.

ಈ ವರ್ಷ ಅವರು ತೀರಿಕೊಂಡರು. ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಬಂದ ಸ್ವಲ್ಪ ಹೊತ್ತಿಗೆ ಒಬ್ಬ ಬರೆದ: "ಕೂಪನ್ ನೆನಪಿದೆಯಾ?" ಆಮೇಲೆ ರಾತ್ರಿಯವರೆಗೂ ಗ್ರೂಪಿನಲ್ಲಿ ಅದೇ ಮಾತು. ನನಗೂ ಮೊದಲು ನೆನಪಾದದ್ದು ಅದೇ. ಆದರೆ ಅದನ್ನು ಹೇಳುವ ಮೊದಲು ಅವರ ಪಾಠದ ಬಗ್ಗೆ ಸ್ವಲ್ಪ ಹೇಳಬೇಕು. ಪಾಠ ಇಲ್ಲದಿದ್ದರೆ ಆ ತುಂಟಾಟವೂ ಇರುತ್ತಿರಲಿಲ್ಲ.

ಎಂಬತ್ತರ ದಶಕದ ಶುರುವಿನ ವರ್ಷಗಳು. ನಮ್ಮದು ಬಿ.ಎ. ಕೊನೇ ವರ್ಷ. ಸಿಲಬಸ್‌ನಲ್ಲಿ ಏನೇನಿತ್ತೋ, ಈಗ ಮುಕ್ಕಾಲು ಪಾಲು ಮರೆತಿದೆ. ಎರಡು ಮಹಾಯುದ್ಧಗಳ ನಡುವಿನ ಅಮೆರಿಕ ಮಾತ್ರ ಉಳಿದಿದೆ. ಮೇಷ್ಟ್ರು ಅದನ್ನು ಒಂದು ಕಾರಿನಿಂದ ಶುರು ಮಾಡಿದರು. ಹೆನ್ರಿ ಫೋರ್ಡ್‌ನ ಮಾಡೆಲ್ ಟಿ. 1908ರಲ್ಲಿ ಅದರ ಬೆಲೆ 850 ಡಾಲರ್. ಇಪ್ಪತ್ತರ ದಶಕದ ನಡುವಿಗೆ 300 ಡಾಲರ್‌ಗೂ ಕಡಿಮೆ. ಒಂದು ಕಾರು ಜೋಡಿಸಲು ಮೊದಲು ಹನ್ನೆರಡು ಗಂಟೆ ಬೇಕಿತ್ತು, ಚಲಿಸುವ ಪಟ್ಟಿ ಬಂದ ಮೇಲೆ ಒಂದೂವರೆ ಗಂಟೆ ಸಾಕಾಯಿತು. 1927ರಲ್ಲಿ ಆ ಮಾದರಿ ನಿಲ್ಲಿಸುವ ಹೊತ್ತಿಗೆ ಒಂದೂವರೆ ಕೋಟಿ ಕಾರು ಹೊರಗೆ ಬಂದಿದ್ದವು. "ಇಷ್ಟು ಕಾರನ್ನ ಕೊಂಡೋರು ಯಾರ್ರೋ?" ಅಂತ ಕೇಳುತ್ತಿದ್ದರು. ನಾವು "ಶ್ರೀಮಂತರು ಸಾರ್" ಅಂದರೆ ತಲೆ ಅಲ್ಲಾಡಿಸುತ್ತಿದ್ದರು. "ಕೂಲಿಯೋರು ಕೊಂಡರು. ಗುಮಾಸ್ತರು ಕೊಂಡರು. ಕಂತಿನ ಮೇಲೆ ಕೊಂಡರು. ರೇಡಿಯೋ, ಬಟ್ಟೆ ಒಗೆಯೋ ಮಷೀನು, ಎಲ್ಲಾ ಕಂತು. ಆ ಕಂತು ಅನ್ನೋದನ್ನ ನೆನಪಿಟ್ಕೊಳ್ಳಿ."

ನಮ್ಮ ತರಗತಿಯಲ್ಲಿ ಹುಡುಗಿಯರು ನಾಲ್ಕೇ ಜನ. ಮುಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದರು. ಅವರಿಗಾಗಿಯೇ ಅಂತ ಮೇಷ್ಟ್ರು ಟೆನೆಸಿ ರಾಜ್ಯದ ಶಾಸಕ ಹ್ಯಾರಿ ಬರ್ನ್ ಕಥೆ ಹೇಳಿದ್ದರು. 1920ರ ಆಗಸ್ಟ್. ಹೆಂಗಸರಿಗೆ ಓಟಿನ ಹಕ್ಕು ಕೊಡುವ ಸಂವಿಧಾನದ ತಿದ್ದುಪಡಿಗೆ ಇನ್ನೊಂದೇ ರಾಜ್ಯದ ಒಪ್ಪಿಗೆ ಬೇಕಿತ್ತು. ಬರ್ನ್‌ಗೆ 24 ವರ್ಷ. ಕೋಟಿನ ಮೇಲೆ ವಿರೋಧಿಗಳ ಗುರುತಾದ ಕೆಂಪು ಗುಲಾಬಿ. ಜೇಬಿನಲ್ಲಿ ಮಾತ್ರ ಅವನ ತಾಯಿ ಬರೆದ ಕಾಗದ: ಒಳ್ಳೇ ಹುಡುಗನಾಗಿರು, ಹೆಂಗಸರ ಪರ ಓಟು ಹಾಕು ಅಂತ. ಹೆಸರು ಕೂಗಿದಾಗ ಅವನು ಪರವಾಗಿ ಹಾಕಿದ. ತಿದ್ದುಪಡಿ ಗೆದ್ದಿತು. ಆ ನಾಲ್ವರಲ್ಲಿ ಒಬ್ಬರು ಮುಂದೆ ತಮ್ಮ ಊರಿನ ಪಂಚಾಯ್ತಿ ಅಧ್ಯಕ್ಷೆಯಾದರು. ಹೋದ ವರ್ಷದ ನಮ್ಮ ಬ್ಯಾಚಿನ ಕೂಟದಲ್ಲಿ ಅವರು ಆ ಕಾಗದದ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದರು.

ಇನ್ನೊಬ್ಬರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ನಮ್ಮ ಎಕನಾಮಿಕ್ಸ್ ಮೇಡಂ. ಗಂಜಿ ಹಾಕಿದ ಹತ್ತಿ ಸೀರೆ, ಕೈಯಲ್ಲಿ ಯಾವಾಗಲೂ ಎರಡು ಬಣ್ಣದ ಸೀಮೆಸುಣ್ಣ. ಷೇರುಪೇಟೆ ಯಾಕೆ ಬಿತ್ತು ಅಂತ ಅರ್ಥ ಮಾಡಿಸಿದ್ದು ಅವರು. ಬಿಳಿಯಲ್ಲಿ 10 ಅಂತ ಬರೆದರು, ಕೆಂಪಿನಲ್ಲಿ 90. "ನೂರು ಡಾಲರ್ ಷೇರು. ಕೈಯಿಂದ ಹತ್ತು, ಸಾಲ ತೊಂಬತ್ತು. ಷೇರು ನೂರಹತ್ತಾದರೆ ನಿಮ್ಮ ದುಡ್ಡು ಡಬ್ಬಲ್. ತೊಂಬತ್ತಕ್ಕೆ ಇಳಿದರೆ?" ಅಂತ ಬಿಳಿ ಅಂಕಿಯನ್ನು ಡಸ್ಟರಿನಿಂದ ಒರೆಸಿಬಿಟ್ಟರು. ಬೋರ್ಡಿನ ಮೇಲೆ ಕೆಂಪು ಮಾತ್ರ ಉಳಿಯಿತು. 1929ರ ಅಕ್ಟೋಬರ್ 29ರಂದು ಒಂದೇ ದಿನ 1.6 ಕೋಟಿ ಷೇರು ಕೈ ಬದಲಾದವು. ಸಾಲ ಕೊಟ್ಟವರು ದುಡ್ಡು ಕೇಳಿದರು, ಸಾಲ ಮಾಡಿದವರು ಸಿಕ್ಕಿದ ಬೆಲೆಗೆ ಮಾರಿದರು, ಮಾರಿದಷ್ಟೂ ಬೆಲೆ ಇಳಿಯಿತು. ಸೆಪ್ಟೆಂಬರ್‌ನಲ್ಲಿ 381 ಇದ್ದ, ಅಲ್ಲಿನ ಷೇರು ಬೆಲೆಗಳನ್ನು ಅಳೆಯುವ ಡೌ ಜೋನ್ಸ್ ಸೂಚ್ಯಂಕ 1932ರ ಜುಲೈ ಹೊತ್ತಿಗೆ 41. ಅಲ್ಲಿನ ರೈತರಿಗೆ ಮಾತ್ರ ಕಷ್ಟ ಹೊಸದಲ್ಲ ಅಂತಲೂ ಮೇಡಂ ಹೇಳಿದ್ದರು. ಮೊದಲ ಯುದ್ಧ ಮುಗಿದು ಧಾನ್ಯದ ಬೆಲೆ ಬಿದ್ದಾಗಿನಿಂದ, ಪಟ್ಟಣದವರು ಕುಣಿಯುತ್ತಿದ್ದ ವರ್ಷಗಳಲ್ಲೂ, ಅವರು ಸಾಲದಲ್ಲೇ ಇದ್ದರು.

ಮಾರನೇ ದಿನ ಮೇಷ್ಟ್ರು ಬಂದವರೇ ಏನೂ ಮಾತಾಡದೆ ಪ್ಯಾಂಟಿನ ಎರಡೂ ಜೇಬು ಹೊರಗೆಳೆದು ನಿಂತರು. ಒಂದು ತುಂಡು ಸೀಮೆಸುಣ್ಣ, ಒಂದು ಬಸ್ ಟಿಕೆಟ್ ಕೆಳಗೆ ಬಿದ್ದವು. ಬಿಳೀ ಒಳಬಟ್ಟೆ ಎರಡೂ ಕಡೆ ಜೋತಾಡುತ್ತಿತ್ತು. "ಇದಕ್ಕೇನಂತಾರೆ ಗೊತ್ತಾ? ಹೂವರ್ ಬಾವುಟ." ಆಗ ಹರ್ಬರ್ಟ್ ಹೂವರ್ ಅಧ್ಯಕ್ಷ. ಕೆಲಸ ಕಳೆದುಕೊಂಡವರು ಹೊದ್ದ ಹಳೇ ಪೇಪರಿಗೆ ಹೂವರ್ ಕಂಬಳಿ ಅಂತ ಹೆಸರಾಯಿತು, ತಗಡು, ರಟ್ಟಿನಲ್ಲಿ ಕಟ್ಟಿಕೊಂಡ ಗುಡಿಸಲ ಕೇರಿಗೆ ಹೂವರ್‌ವಿಲ್ ಅಂತ. ನ್ಯೂಯಾರ್ಕಿನ ಮೂಲೆಮೂಲೆಯಲ್ಲಿ ಕೋಟು ತೊಟ್ಟ ಗಂಡಸರು ಐದು ಸೆಂಟಿಗೊಂದು ಸೇಬು ಮಾರುತ್ತಾ ನಿಂತರು. 1933ಕ್ಕೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿಲ್ಲ. ಮೇಷ್ಟ್ರು ಇದನ್ನೆಲ್ಲ ಹೇಳುವಷ್ಟು ಹೊತ್ತೂ ಜೇಬು ಒಳಗೆ ಹಾಕಲಿಲ್ಲ. ಯಾರೂ ನಗಲಿಲ್ಲ.

ಈಗ ಕೂಪನ್ ವಿಷಯ. ಅದಕ್ಕೆ ಕಾರಣ ನ್ಯೂಯಾರ್ಕಿನ ಒಂದು ಬ್ಯಾಂಕು. ಹೆಸರು ಬ್ಯಾಂಕ್ ಆಫ್ ಯುನೈಟೆಡ್ ಸ್ಟೇಟ್ಸ್. ಸರ್ಕಾರಕ್ಕೂ ಅದಕ್ಕೂ ಸಂಬಂಧವಿಲ್ಲ, ಹೆಸರು ಕೇಳಿ ನಂಬಿದವರೇ ಜಾಸ್ತಿ. 1930ರ ಡಿಸೆಂಬರ್ 10ರಂದು ಒಬ್ಬ ಸಣ್ಣ ವ್ಯಾಪಾರಿ ಆ ನಗರದ ಬ್ರಾಂಕ್ಸ್ ಭಾಗದ ಒಂದು ಶಾಖೆಗೆ ಹೋಗಿ ಆ ಬ್ಯಾಂಕಿನ ತನ್ನ ಷೇರು ಮಾರಿಕೊಡಿ ಅಂದ. ಈಗ ಮಾರಬೇಡಿ ಅಂತ ಅವರು ಸಮಾಧಾನ ಹೇಳಿದರು. ಅವನು ಹೊರಗೆ ಬಂದು, ಬ್ಯಾಂಕು ದುಡ್ಡು ಕೊಡುತ್ತಿಲ್ಲ ಅಂದುಬಿಟ್ಟ. ಸಂಜೆಯೊಳಗೆ ಸಾವಿರಾರು ಜನ ಬೀದಿಯಲ್ಲಿ. ಮಾರನೇ ದಿನ ಬ್ಯಾಂಕು ಬಾಗಿಲು ತೆರೆಯಲಿಲ್ಲ. ಸುಮಾರು 4 ಲಕ್ಷ ಜನರ ಠೇವಣಿ ಸಿಕ್ಕಿಕೊಂಡಿತು. ಬ್ಯಾಂಕಿನ ಲೆಕ್ಕ ಮೊದಲೇ ಹಾಳಾಗಿತ್ತು, ನಿಜ. ಆದರೆ ಗಟ್ಟಿ ಬ್ಯಾಂಕೂ ಎಲ್ಲರ ದುಡ್ಡನ್ನು ಒಂದೇ ದಿನ ಕೊಡಲಾರದು, ಅದು ಸಾಲವಾಗಿ ಹೋಗಿರುತ್ತೆ ಅಂತ ಮೇಷ್ಟ್ರು ವಿವರಿಸಿದರು.

ನಮ್ಮ ಬೆಂಚಿನ ಮೂವರಿಗೆ ಇದು ತಲೆಗೆ ಹತ್ತಿತು. ಕಾಲೇಜು ಕ್ಯಾಂಟೀನಿನ ಭಟ್ಟರು ಆಗ ಕೂಪನ್ ಪುಸ್ತಕ ಮಾರುತ್ತಿದ್ದರು. ತಿಂಗಳ ಮೊದಲಿಗೆ ಹತ್ತು ರೂಪಾಯಿ ಕೊಟ್ಟರೆ ತಿಂಗಳಿಡೀ ಕಾಫಿ, ಇಡ್ಲಿಗೆ ಕೂಪನ್ ಹರಿದು ಕೊಡಬಹುದು. ಒಂದು ಶನಿವಾರ ಬೆಳಗ್ಗೆ ನೋಟಿಸ್ ಬೋರ್ಡಿನ ಹತ್ತಿರ ನಿಂತು ನನ್ನ ಗೆಳೆಯ ಸ್ವಲ್ಪ ಜೋರಾಗಿಯೇ ನನಗೆ ಹೇಳಿದ: "ಭಟ್ರು ಕ್ಯಾಂಟೀನ್ ಬಿಡ್ತಾರಂತೆ ಕಣೋ. ಸೋಮವಾರದಿಂದ ಬೇರೆಯೋರಂತೆ. ಹಳೇ ಕೂಪನ್ ನಡೆಯಲ್ವಂತೆ." ಅಷ್ಟೇ. ಇನ್ನೊಂದು ಮಾತು ಆಡಲಿಲ್ಲ.

ಹನ್ನೊಂದು ಗಂಟೆ ಬಿಡುವಿಗೆ ಕ್ಯಾಂಟೀನಿನಲ್ಲಿ ಕಾಲಿಡಲು ಜಾಗವಿಲ್ಲ. ಇಡ್ಲಿ ಮುಗಿಯಿತು. ಉದ್ದಿನವಡೆ ಮುಗಿಯಿತು. ಆಮೇಲೆ ಬಿಸ್ಕತ್ತು ಪ್ಯಾಕೆಟ್ಟು, ಗೊನೆಯಲ್ಲಿದ್ದ ಬಾಳೆಹಣ್ಣು. ಹಸಿವಿಲ್ಲದವರೂ ಕೂಪನ್ ಚಾಚುತ್ತಿದ್ದರು. ಭಟ್ಟರು "ನಾನೆಲ್ಲಿಗೂ ಹೋಗಲ್ಲ ಕಣ್ರಪ್ಪಾ" ಅಂದಷ್ಟೂ ಗಲಾಟೆ ಜಾಸ್ತಿಯಾಯಿತು. ಕೊನೆಗೆ ಅವರು ಬಾಗಿಲು ಎಳೆದುಕೊಂಡರು. ಬಾಗಿಲು ಎಳೆದದ್ದೇ ತಡ, ಅಲ್ಲಿಯವರೆಗೆ ನಂಬದಿದ್ದವರೂ ನಂಬಿದರು.

ಆಗ ಬಂದರು ನಮ್ಮ ಮೇಷ್ಟ್ರು. ಬೈಯಲಿಲ್ಲ, ಭಾಷಣ ಮಾಡಲಿಲ್ಲ. ಗುಂಪು ಸೀಳಿಕೊಂಡು ಹೋಗಿ ಬಾಗಿಲು ತಟ್ಟಿದರು. "ಭಟ್ರೇ, ಎರಡು ಕೂಪನ್ ಪುಸ್ತಕ ಕೊಡಿ. ಮುಂದಿನ ತಿಂಗಳದ್ದು." ಇಪ್ಪತ್ತು ರೂಪಾಯಿ ನೋಟನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಕೊಟ್ಟರು. ಪುಸ್ತಕವನ್ನು ಷರ್ಟಿನ ಜೇಬಿಗೆ ಹಾಕಿಕೊಂಡು ಒಂದು ಕಾಫಿ ಕೇಳಿ ಅಲ್ಲೇ ಬೆಂಚಿನ ಮೇಲೆ ಕೂತರು. ಅವರು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಸಾಲು ಕರಗಿತ್ತು.

ಯಾರ ಕೆಲಸ ಅಂತ ಅವರಿಗೆ ಹೇಳಬೇಕಾಗಿರಲಿಲ್ಲ. ಮೂವರನ್ನೂ ಕರೆದು, ಬಿಡುವಿನ ಹೊತ್ತಿನಲ್ಲಿ ಭಟ್ಟರ ಜೊತೆ ನಿಂತು ತಟ್ಟೆ, ಲೋಟ ಎತ್ತಲು ಹಚ್ಚಿದರು. ಸೋಮವಾರದ ತರಗತಿಯಲ್ಲಿ ಆ ಗಲಾಟೆಯ ಮಾತೇ ಎತ್ತದೆ ನೇರ 1933ರ ಮಾರ್ಚ್‌ಗೆ ಹೋದರು. ಅದಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಸಾವಿರಾರು ಬ್ಯಾಂಕು ಬಿದ್ದಿದ್ದವು. ಮಾರ್ಚ್ 4ರಂದು ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧಿಕಾರಕ್ಕೆ ಬಂದರು. 6ರಿಂದ ದೇಶದ ಎಲ್ಲ ಬ್ಯಾಂಕಿಗೂ ರಜೆ. 12ರ ಭಾನುವಾರ ರಾತ್ರಿ ರೇಡಿಯೋದಲ್ಲಿ ಕೂತು, ಬ್ಯಾಂಕು ನಿಮ್ಮ ದುಡ್ಡನ್ನು ಏನು ಮಾಡುತ್ತದೆ ಅಂತ ಮನೆಯವರಿಗೆ ಹೇಳುವ ಹಾಗೆ ಹೇಳಿದರು. ಲೆಕ್ಕ ನೋಡಿ ಗಟ್ಟಿಯಿದ್ದವನ್ನು ಮಾತ್ರ ತೆರೆಯುತ್ತೇವೆ, ಹಾಸಿಗೆ ಕೆಳಗೆ ಇಡುವುದಕ್ಕಿಂತ ಅಲ್ಲೇ ನಿಮ್ಮ ದುಡ್ಡು ಭದ್ರ ಅಂದರು. ಮಾರನೇ ದಿನ ಜನ ಸಾಲು ನಿಂತದ್ದು ದುಡ್ಡು ಕಟ್ಟಲು. ಮೇಷ್ಟ್ರು ಇಷ್ಟು ಹೇಳಿ ನಮ್ಮ ಬೆಂಚಿನ ಕಡೆ ನೋಡಿದರು. ಆಮೇಲೆ ಷರ್ಟಿನ ಜೇಬಿನಿಂದ ಕೂಪನ್ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು.

ರೂಸ್‌ವೆಲ್ಟ್ ಅಂದರೆ ಅವರಿಗೆ ಬಹಳ ಪ್ರೀತಿ. ಮೇಡಂಗೆ ಅಷ್ಟಿರಲಿಲ್ಲ. ಸ್ಟಾಫ್ ರೂಮಿನ ಹೊರಗೆ ಇಬ್ಬರೂ ವಾದಿಸುತ್ತಿದ್ದರೆ ನಾವು ಕಂಬದ ಮರೆಯಲ್ಲಿ ನಿಂತು ಕೇಳುತ್ತಿದ್ದೆವು. ಮೇಷ್ಟ್ರು ಟೆನೆಸಿ ಕಣಿವೆಯ ಅಣೆಕಟ್ಟು, ಹಳ್ಳಿಗೆ ಬಂದ ಕರೆಂಟು, ಗಿಡ ನೆಡಲು ಹೋದ ಲಕ್ಷಾಂತರ ನಿರುದ್ಯೋಗಿ ಹುಡುಗರು, 1935ರ ಸಾಮಾಜಿಕ ಭದ್ರತೆ ಕಾಯ್ದೆ ಅಂತ ಎಣಿಸುವರು. ಮೇಡಂ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕುವರು: "ಎಲ್ಲರಿಗೂ ಪೆನ್ಷನ್ ಅಂತೀರಲ್ಲ ಸಾರ್, ಹೊಲದಲ್ಲಿ ದುಡಿಯೋರನ್ನ, ಮನೆಗೆಲಸದೋರನ್ನ ಯಾಕೆ ಬಿಟ್ಟರು? ದಕ್ಷಿಣದ ಕಪ್ಪು ಜನ ಮಾಡ್ತಿದ್ದದ್ದು ಅದೇ ಕೆಲಸ ಅಲ್ವಾ?" 1937ರಲ್ಲಿ ಸರ್ಕಾರ ಖರ್ಚು ಬಿಗಿ ಹಿಡಿದ ಕೂಡಲೇ ಮತ್ತೆ ಲಕ್ಷಗಟ್ಟಲೆ ಜನರ ಕೆಲಸ ಹೋದದ್ದನ್ನೂ, ನಿರುದ್ಯೋಗ ಪೂರ್ತಿ ಇಳಿದದ್ದು ಎರಡನೇ ಯುದ್ಧದ ಕಾರ್ಖಾನೆಗಳಿಂದ ಅನ್ನುವುದನ್ನೂ ಅವರು ಬಿಡುತ್ತಿರಲಿಲ್ಲ. ನನಗೆ ಇವತ್ತಿಗೂ ಮೇಡಂ ಪ್ರಶ್ನೆಯೇ ಹೆಚ್ಚು ತೂಕದ್ದು ಅನಿಸುತ್ತದೆ. ಆದರೆ ಹೆದರಿದ ಜನರನ್ನು ನಿಲ್ಲಿಸುವುದು ಹೇಗೆ ಅಂತ ಕಲಿತದ್ದು ಮೇಷ್ಟ್ರಿಂದ.

ಆ ಕಲಿಕೆ ನನಗೆ ಅನ್ನ ಕೊಟ್ಟಿತು. ಡಿಗ್ರಿ ಮುಗಿಸಿ ಬ್ಯಾಂಕು ಸೇರಿದೆ, ಮ್ಯಾನೇಜರ್ ಆಗಿ ರಿಟೈರ್ ಆದೆ. ಒಂದು ತಾಲ್ಲೂಕು ಊರಿನಲ್ಲಿದ್ದಾಗ, ಪಕ್ಕದ ಊರಿನ ಒಂದು ಸೊಸೈಟಿ ಮುಚ್ಚಿತು. ಮಾರನೇ ಬೆಳಗ್ಗೆ ನಮ್ಮ ಶಾಖೆಯೂ ಮುಚ್ಚುತ್ತಂತೆ ಅನ್ನುವ ಸುದ್ದಿ. ಗೇಟಿನಿಂದ ಬಸ್ ಸ್ಟ್ಯಾಂಡಿನವರೆಗೆ ಜನ. ಕ್ಯಾಷಿಯರ್ ಹೆದರಿ, ಅರ್ಧ ಬಾಗಿಲು ಹಾಕೋಣ ಸಾರ್ ಅಂದರು. ಬೇಡ ಅಂದೆ. ಎರಡೂ ಬಾಗಿಲು ತೆಗೆಸಿದೆ. ಇನ್ನೊಂದು ಕೌಂಟರ್ ಹಾಕಿಸಿದೆ. ನೋಟಿನ ಕಟ್ಟುಗಳನ್ನು ಗಾಜಿನ ಹಿಂದೆ ಕಾಣುವ ಹಾಗೆ ಜೋಡಿಸಿಸಿ, ಹೊರಗೆ ಬಂದು ಪ್ರತಿಯೊಬ್ಬರ ಹತ್ತಿರ ನಿಂತು ಮಾತಾಡಿದೆ. ಠೇವಣಿಗೆ ವಿಮೆ ಇದೆ, ಅಮೆರಿಕದಲ್ಲಿ 1933ರಲ್ಲಿ ಆದ ಕಾನೂನಿನ ಥರದ್ದು ನಮ್ಮಲ್ಲೂ 1962ರಿಂದ ಇದೆ ಅಂತ ವಿವರಿಸಿದೆ. ಮಧ್ಯಾಹ್ನ ಮೂರರ ಹೊತ್ತಿಗೆ ಬೆಳಗ್ಗೆ ತೆಗೆದುಕೊಂಡು ಹೋದವರೇ ವಾಪಸ್ ಕಟ್ಟಲು ಬಂದರು. ಮೇಲಿನ ಆಫೀಸಿನಿಂದ ಪ್ರಶಂಸಾ ಪತ್ರ ಬಂತು. ಅದನ್ನು ಮೇಷ್ಟ್ರಿಗೆ ತೋರಿಸಲು ಅವರ ಮನೆಗೇ ಹೋಗಿದ್ದೆ. ಓದಿ ಬಹಳ ಸಂತೋಷಪಟ್ಟರು. ಆಮೇಲೆ ನಮ್ಮ ಕರಾವಳಿಯ ಬ್ಯಾಂಕುಗಳ ಮಾತು ತೆಗೆದರು. 1931ರಲ್ಲಿ ಅಮೆರಿಕದಲ್ಲಿ ಬ್ಯಾಂಕುಗಳು ಸಾಲುಸಾಲಾಗಿ ಬೀಳುತ್ತಿದ್ದಾಗ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಹುಟ್ಟಿತು. 1928ರಲ್ಲೇ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಶುರು ಮಾಡಿ, ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುತ್ತಿದ್ದರು. "ಇದನ್ನ ಯಾರಾದರೂ ಪಾಠಕ್ಕೆ ಇಡಬೇಕು ಕಣಯ್ಯಾ" ಅಂದಿದ್ದರು. ಇನ್ನೂ ಯಾರೂ ಇಟ್ಟ ಹಾಗಿಲ್ಲ. ಈಗ ಆ ಎರಡೂ ಹೆಸರು ಬೋರ್ಡಿನ ಮೇಲಿಲ್ಲ, ವಿಲೀನವಾಗಿ ಹೋಗಿವೆ.

ನನ್ನ ತಂಗಿಯ ಮೊಮ್ಮಗಳು ಈಗ ಡಿಗ್ರಿ ಓದುತ್ತಿದ್ದಾಳೆ. ಅವಳ ನೋಟ್ಸ್ ನೋಡಿದೆ. ಮಹಾ ಆರ್ಥಿಕ ಕುಸಿತದ ಕಾರಣಗಳು ಅಂತ ಆರು ಸಾಲು, ಪರಿಣಾಮಗಳು ಅಂತ ಐದು ಸಾಲು. ತಪ್ಪೇನಿಲ್ಲ, ಎಲ್ಲ ಸರಿಯಾಗಿಯೇ ಇದೆ. ಸೇಬು ಮಾರಿದವರು ಇಲ್ಲ, ಬ್ರಾಂಕ್ಸ್‌ನ ವ್ಯಾಪಾರಿ ಇಲ್ಲ. ನಮ್ಮ ಮೇಷ್ಟ್ರು ಲೈಬ್ರರಿ ಪುಸ್ತಕದಿಂದ ಒಂದು ಫೋಟೋ ತೋರಿಸಿದ್ದರು. 1936ರಲ್ಲಿ ಡೊರೊಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ ತೆಗೆದದ್ದು. ಬಟಾಣಿ ಬಿಡಿಸಲು ಬಂದು, ಬೆಳೆ ಹಾಳಾಗಿ ಕೂಲಿ ಸಿಗದೆ ಕೂತ ತಾಯಿ. ಗಲ್ಲಕ್ಕೆ ಕೈ. ಎರಡು ಮಕ್ಕಳು ಅವಳ ಹೆಗಲಿಗೆ ಮುಖ ಒತ್ತಿಕೊಂಡಿವೆ, ಮಡಿಲಲ್ಲಿ ಕೂಸು. ಆ ಪುಸ್ತಕ ಬೆಂಚಿನಿಂದ ಬೆಂಚಿಗೆ ದಾಟಲು ಪೂರ್ತಿ ಒಂದು ಪೀರಿಯಡ್ ಹಿಡಿಯಿತು. ಬೇಗ ಕೊಡ್ರೋ ಅಂತ ಮೇಷ್ಟ್ರು ಅವಸರ ಮಾಡಲಿಲ್ಲ. ಸಿಲಬಸ್ ಮುಗಿಸುವ ಒತ್ತಡದಲ್ಲಿರುವ ಇವತ್ತಿನ ಮೇಷ್ಟ್ರುಗಳಿಗೆ ಅಷ್ಟು ಪುರಸೊತ್ತು ಯಾರು ಕೊಡುತ್ತಾರೆ? ಅವರನ್ನು ದೂರಿ ಪ್ರಯೋಜನವಿಲ್ಲ. ಸೆಮಿಸ್ಟರ್ ಲೆಕ್ಕ ಹಾಕುವವರು ಯೋಚಿಸಬೇಕು.

ನಮ್ಮ ಬ್ಯಾಚಿನವರೆಲ್ಲ ಸೇರಿ ಮೇಷ್ಟ್ರ ಹೆಸರಿನಲ್ಲಿ ಒಂದು ದತ್ತಿ ಬಹುಮಾನ ಇಡುತ್ತಿದ್ದೇವೆ. ಹೆಚ್ಚು ಅಂಕ ತೆಗೆದವರಿಗಲ್ಲ. ಇತಿಹಾಸದ ಒಂದು ಘಟನೆಯನ್ನು ನೋಟ್ಸ್ ನೋಡದೆ, ಕೇಳುವವರ ಕಣ್ಣಿಗೆ ಕಟ್ಟುವ ಹಾಗೆ ಹತ್ತು ನಿಮಿಷ ಹೇಳುವ ವಿದ್ಯಾರ್ಥಿಗೆ. ತೀರ್ಪುಗಾರರಲ್ಲಿ ಒಬ್ಬರಾಗಿ ಎಕನಾಮಿಕ್ಸ್ ಮೇಡಂ ಬರಲು ಒಪ್ಪಿದ್ದಾರೆ. ಎಲ್ಲರಿಗೂ ಒಂದೊಂದು ಪ್ರಶ್ನೆ ಕೇಳುತ್ತೇನೆ ಅಂತ ಈಗಲೇ ಹೇಳಿಬಿಟ್ಟಿದ್ದಾರೆ. ಸೇರಬೇಕೆನ್ನುವ ಮಕ್ಕಳು ಇತಿಹಾಸ ವಿಭಾಗದಲ್ಲಿ ಹೆಸರು ಕೊಡಿ.